ಫೋನ್ ಪರದೆಯಲ್ಲಿ ಫ್ಲಾರೆನ್ಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಯುರೋಪಿನ ರೆನೆಸಾನ್ಸ್ (ಪುನರುಜ್ಜೀವನ ಕಾಲದ) ಕಲೆಯನ್ನು ಮನೆಯಲ್ಲೇ ಕುಳಿತು, ಅಂತರ್ಜಾಲದ ನೆರವಿನಿಂದ ಕಲಿಯುವುದು ಹೇಗೆಂದು ಕೇಳಿ ಪತ್ರಗಳು ಬಂದಿವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಪಿಯುಸಿ ಇತಿಹಾಸದಲ್ಲಿ ರೆನೆಸಾನ್ಸ್ ಬಗ್ಗೆ ಎರಡು ಪುಟ ಓದಿದ್ದಷ್ಟೇ. ಈಗ ಸರಿಯಾಗಿ ಕಲಿಯುವ ಆಸೆ. ಕೈಯಲ್ಲಿರುವುದು ಮೊಬೈಲ್ ಮಾತ್ರ. ಹುಡುಕಿದರೆ ನೂರಾರು ವಿಡಿಯೋಗಳು ಬಂದು ಬೀಳುತ್ತವೆ. ಎಲ್ಲಿಂದ ಶುರುಮಾಡಲಿ?
— ಓದುಗರು, ಶಿವಮೊಗ್ಗ

ಉತ್ತರ: ಒಂದು ಊರು, ಒಂದು ಶತಮಾನ ಹಿಡಿಯಿರಿ. ಊರು ಇಟಲಿಯ ಫ್ಲಾರೆನ್ಸ್. ಕಾಲ 1401ರಿಂದ 1504. ಮೋನಾಲಿಸಾಳನ್ನು ಸದ್ಯಕ್ಕೆ ಬದಿಗಿಡಿ. ಅವಳಿಂದ ಶುರುಮಾಡಿದವರು ಅವಳ ಕಥೆಗಳಲ್ಲೇ ಸಿಕ್ಕಿಕೊಂಡು, ಅವಳಿಗಿಂತ ಹಿಂದಿನ ನೂರು ವರ್ಷ ಏನು ನಡೆಯಿತೆಂದು ನೋಡುವುದೇ ಇಲ್ಲ.

1401ರಲ್ಲಿ ಫ್ಲಾರೆನ್ಸಿನ ಬ್ಯಾಪ್ಟಿಸ್ಟ್ರಿಯ (ದೀಕ್ಷಾಸ್ನಾನದ ಕಟ್ಟಡದ) ಕಂಚಿನ ಬಾಗಿಲಿಗಾಗಿ ಸ್ಪರ್ಧೆ ಏರ್ಪಟ್ಟಿತು. ಅಬ್ರಹಾಮನು ಮಗ ಐಸಾಕನನ್ನು ಬಲಿ ಕೊಡಲು ಹೊರಟ ಕ್ಷಣವೇ ಎಲ್ಲರಿಗೂ ಕೊಟ್ಟ ವಿಷಯ. ಗಿಬರ್ತಿ ಮತ್ತು ಬ್ರುನೆಲ್ಲೆಸ್ಕಿ ಮಾಡಿದ ಫಲಕಗಳು ಉಳಿದಿದ್ದು, ಎರಡೂ ಅಲ್ಲಿನ ಬಾರ್ಜೆಲ್ಲೋ ಮ್ಯೂಸಿಯಂನಲ್ಲಿವೆ. ಒಂದೇ ವಿಷಯ, ಒಂದೇ ಅಳತೆಯ ಚೌಕಟ್ಟು, ಇಬ್ಬರು ಕಲಾವಿದರು. ಹೋಲಿಸಿ ನೋಡುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಮೊದಲ ಪಾಠವಿಲ್ಲ. ಬ್ರುನೆಲ್ಲೆಸ್ಕಿಯಲ್ಲಿ ತಂದೆಯ ಕೈ ಮಗನ ಕೊರಳು ಹಿಡಿದಿದೆ, ಕತ್ತಿ ಹಿಡಿದ ಇನ್ನೊಂದು ಕೈಯನ್ನು ದೇವದೂತ ತಡೆದು ಹಿಡಿದಿದ್ದಾನೆ. ಗಿಬರ್ತಿಯಲ್ಲಿ ಕತ್ತಿ ಇನ್ನೂ ಗಾಳಿಯಲ್ಲಿದೆ, ಐಸಾಕನ ಮೈ ಹಳೆಯ ರೋಮನ್ ಶಿಲ್ಪದಂತಿದೆ. ಗಿಬರ್ತಿ ಹೆಚ್ಚಿನ ಭಾಗವನ್ನು ಒಂದೇ ಎರಕದಲ್ಲಿ ತೆಗೆದ, ಅದಕ್ಕೆ ಕಂಚೂ ಕಡಿಮೆ ಹಿಡಿಯಿತು. ಕೆಲಸ ಅವನಿಗೇ ಸಿಕ್ಕಿತು.

ಅಲ್ಲಿಂದ ಮುಂದೆ ಈ ಸಾಲಿನಲ್ಲಿ ನಡೆಯಿರಿ: ಫ್ಲಾರೆನ್ಸಿನ ಕೆಥೀಡ್ರಲ್ ಮೇಲೆ ಬ್ರುನೆಲ್ಲೆಸ್ಕಿ ಕಟ್ಟಿದ ಗುಮ್ಮಟ (1420–1436), ಮಸಾಚ್ಚೋನ ‘ಟ್ರಿನಿಟಿ’ ಭಿತ್ತಿಚಿತ್ರ (ಸುಮಾರು 1427), ದೊನಾತೆಲ್ಲೋನ ಕಂಚಿನ ಡೇವಿಡ್, ಗಿಬರ್ತಿಯ ಎರಡನೆಯ ಬಾಗಿಲು (1425–1452), ಬೊಟಿಚೆಲ್ಲಿಯ ‘ವೀನಸ್ ಜನನ’, ಲಿಯೊನಾರ್ಡೊ 1481ರಲ್ಲಿ ಆರಂಭಿಸಿ ಅರ್ಧಕ್ಕೆ ಬಿಟ್ಟ ‘ಮೂವರು ಜ್ಞಾನಿಗಳ ಆರಾಧನೆ’, ಕೊನೆಗೆ ಮೈಕೆಲೇಂಜಲೊನ ಡೇವಿಡ್ (1501–1504). ಸ್ಪರ್ಧೆಯ ಫಲಕಗಳೂ ಸೇರಿ ಎಂಟು ಪಾಠ. ವಾರಕ್ಕೊಂದರಂತೆ ಎರಡು ತಿಂಗಳು ಸಾಕು.

ಪ್ರತಿ ಕೃತಿಗೂ ಮೊದಲ ದಿನ ಏನನ್ನೂ ಓದಬೇಡಿ. ಹತ್ತು ನಿಮಿಷ ಚಿತ್ರ ನೋಡಿ, ಕಂಡದ್ದನ್ನು ಹತ್ತು ಸಾಲು ಬರೆಯಿರಿ. ಎರಡನೆಯ ದಿನ ಸ್ಮಾರ್ಟ್‌ಹಿಸ್ಟರಿ ತಾಣದಲ್ಲಿ ಆ ಕೃತಿಯ ಲೇಖನ ಅಥವಾ ವಿಡಿಯೋ ನೋಡಿ. ಉಚಿತ, ಚಿಕ್ಕದು, ಕಲಾ ಇತಿಹಾಸ ಕಲಿಸುವವರೇ ಮಾಡಿದ್ದು. ಮೂರನೆಯ ದಿನ ಕೃತಿ ಇರುವ ಮ್ಯೂಸಿಯಂನ ಸ್ವಂತ ಪುಟ ತೆರೆಯಿರಿ. ಹಿನ್ನೆಲೆ ಬೇಕಾದರೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ನಡೆಸುವ ಹೈಲ್‌ಬ್ರನ್ ಟೈಮ್‌ಲೈನ್‌ನಲ್ಲಿ ಎರಡು-ಮೂರು ಪುಟದ ಪ್ರಬಂಧಗಳಿವೆ.

ಆಮೇಲೆ ನೋಟ್‌ಬುಕ್ಕಿನಲ್ಲಿ ನಾಲ್ಕು ವಿಷಯ ಬರೆದಿಡಿ: ವರ್ಷ, ಅಳತೆ, ಯಾವುದರಿಂದ ಮಾಡಿದ್ದು, ಮೊದಲು ಎಲ್ಲಿತ್ತು. ಪರದೆ ನಮ್ಮಿಂದ ಕಸಿದುಕೊಳ್ಳುವುದು ಕೊನೆಯ ಮೂರನ್ನು. ಫೋನಿನಲ್ಲಿ ಎಲ್ಲ ಚಿತ್ರಗಳೂ ಅಂಗೈಯಗಲವೇ. ಮೋನಾಲಿಸಾ 77 × 53 ಸೆಂ.ಮೀ. ‘ವೀನಸ್ ಜನನ’ 172.5 × 278.5 ಸೆಂ.ಮೀ. ಮೈಕೆಲೇಂಜಲೊನ ಡೇವಿಡ್ 5.17 ಮೀಟರ್ ಎತ್ತರ. ಟೇಪು ಹಿಡಿದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಈ ಅಳತೆಗಳನ್ನು ಎಳೆದು ನೋಡಿ. ಐದು ನಿಮಿಷದ ಕೆಲಸ, ಆದರೆ ಆಮೇಲೆ ಚಿತ್ರ ಮೊದಲಿನಂತೆ ಕಾಣುವುದಿಲ್ಲ.

ಜಾಗದ ಮಾತೂ ಹಾಗೆಯೇ. ಡೇವಿಡ್‌ನ ತಲೆ, ಕೈ ಯಾಕಿಷ್ಟು ದೊಡ್ಡವೆಂದು ಹಲವರು ಕೇಳುತ್ತಾರೆ. ಅವನನ್ನು ಕೆತ್ತಲು ಹೇಳಿದ್ದು ಕೆಥೀಡ್ರಲ್‌ನ ಮೇಲ್ಭಾಗದಲ್ಲಿ, ಕೆಳಗಿನಿಂದ ತಲೆಯೆತ್ತಿ ನೋಡುವ ಜಾಗಕ್ಕೆ. 1504ರಲ್ಲಿ ಲಿಯೊನಾರ್ಡೊ, ಬೊಟಿಚೆಲ್ಲಿ ಇಬ್ಬರೂ ಇದ್ದ ಸಮಿತಿ ಎಲ್ಲಿಡಬೇಕೆಂದು ಚರ್ಚಿಸಿತು. ಕೊನೆಗೆ ಪುರಭವನದ ಬಾಗಿಲ ಪಕ್ಕ ನಿಲ್ಲಿಸಿದರು. ಈಗಿರುವ ಅಕಾಡೆಮಿಯಾ ಮ್ಯೂಸಿಯಂಗೆ ತಂದದ್ದು 1873ರಲ್ಲಿ.

ಪ್ರಶ್ನೆ: ಒಂದೇ ಚಿತ್ರ ಒಂದು ತಾಣದಲ್ಲಿ ಹಳದಿ, ಇನ್ನೊಂದರಲ್ಲಿ ನೀಲಿ, ಮತ್ತೊಂದರಲ್ಲಿ ಕಪ್ಪು. ನಿಜವಾದ ಬಣ್ಣ ಯಾವುದು?
— ಓದುಗರು, ಹುಬ್ಬಳ್ಳಿ

ಉತ್ತರ: ಮೊದಲು ನಿಮ್ಮ ಫೋನಿನ ನೈಟ್ ಲೈಟ್ ಮತ್ತು ‘ವಿವಿಡ್’ ಬಣ್ಣದ ಸೆಟ್ಟಿಂಗ್ ಆಫ್ ಮಾಡಿ. ಮೊದಲನೆಯದು ಇಡೀ ಪರದೆಗೆ ಅರಿಶಿನ ಬಳಿಯುತ್ತದೆ, ಎರಡನೆಯದು ಕೆಂಪು, ನೀಲಿಯನ್ನು ಇಲ್ಲದಷ್ಟು ಹೊಳೆಯಿಸುತ್ತದೆ.

ಆಮೇಲೆ ಫೋಟೋ ಯಾವಾಗಿನದೆಂದು ನೋಡಿ. ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನಲ್ಲಿ ಮೈಕೆಲೇಂಜಲೊ ಬರೆದ ಚಾವಣಿಯನ್ನು (1508–1512) 1980ರ ದಶಕದಲ್ಲಿ ಶುಚಿಗೊಳಿಸಿದರು. ಮೇಣದಬತ್ತಿಯ ಮಸಿ, ಹಿಂದಿನವರು ಬಳಿದ ಅಂಟು ಹೋದ ಮೇಲೆ ತಿಳಿಹಸಿರು, ಕಿತ್ತಳೆ, ನೇರಳೆ ಹೊರಬಂದವು. ಅದಕ್ಕೂ ಹಿಂದಿನ ಫೋಟೋದಲ್ಲಿ ಕಾಣುವ ಕಂದು ಬಣ್ಣ ಮೈಕೆಲೇಂಜಲೊನದಲ್ಲ. ಶುಚಿಗೊಳಿಸುವಾಗ ಗಾರೆ ಒಣಗಿದ ಮೇಲೆ ಹಚ್ಚಿದ ಕೆಲವು ನೆರಳುಗಳೂ ಹೋದವೆಂದು ವಾದಿಸುವ ವಿದ್ವಾಂಸರಿದ್ದಾರೆ. ಆ ವಾದವನ್ನೂ ಓದಿ.

ವಿಕಿಮೀಡಿಯಾ ಕಾಮನ್ಸ್ ಎಂಬ ಉಚಿತ ಚಿತ್ರಗಳ ತಾಣದಲ್ಲಿ ಚಿತ್ರದ ಕೆಳಗಿರುವ ಮೂಲ ಮತ್ತು ಪಿಕ್ಸೆಲ್ ಸಂಖ್ಯೆಯನ್ನು ಕಡ್ಡಾಯವಾಗಿ ನೋಡಿ. ‘ಯಾರ್ಕ್ ಪ್ರಾಜೆಕ್ಟ್’ ಎಂದಿದ್ದರೆ ಅದು 2002ರ ಡಿವಿಡಿಯೊಂದರಿಂದ ಬಂದದ್ದು. ಅಂಥವುಗಳ ಬಣ್ಣವನ್ನು ನಂಬಬೇಡಿ. ಮ್ಯೂಸಿಯಂನಿಂದಲೇ ಬಂದ, ಉದ್ದನೆಯ ಬದಿ ಕನಿಷ್ಠ 4000 ಪಿಕ್ಸೆಲ್ ಇರುವ ಫೈಲ್ ಆರಿಸಿ. ಚಿತ್ರದ ನಾಲ್ಕೂ ಅಂಚು ಕಾಣುತ್ತಿದೆಯೇ ಎಂದೂ ಪರೀಕ್ಷಿಸಿ. ಅಂಚು ಕತ್ತರಿಸಿದ ಫೋಟೋದಲ್ಲಿ ಕಲಾವಿದ ಮಾಡಿದ ಜೋಡಣೆಯೇ ಕೆಟ್ಟಿರುತ್ತದೆ.

ಹತ್ತಿರದಿಂದ ನೋಡಲು ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್‌ನ ಗಿಗಾಪಿಕ್ಸೆಲ್ ಚಿತ್ರಗಳಿವೆ. ಅದಕ್ಕಿಂತಲೂ ಆಳಕ್ಕೆ ಇಳಿಯುವುದು ‘ಕ್ಲೋಸರ್ ಟು ವಾನ್ ಐಕ್’ ಎಂಬ ತಾಣ. ಬೆಲ್ಜಿಯಂನ ಗೆಂಟ್ ಊರಿನಲ್ಲಿರುವ, ವಾನ್ ಐಕ್ ಸೋದರರು ಬರೆದ 1432ರ ಪೂಜಾಫಲಕದ ಸಾಮಾನ್ಯ ಫೋಟೋ, ಇನ್‌ಫ್ರಾರೆಡ್ ಫೋಟೋ, ಎಕ್ಸ್‌ರೇ ಮೂರನ್ನೂ ಅಲ್ಲಿ ಅಕ್ಕಪಕ್ಕ ಇಟ್ಟು ನೋಡಬಹುದು. ಅದರ ಒಂದು ಫಲಕ 1934ರಲ್ಲಿ ಕಳವಾಯಿತು, ಇಂದಿಗೂ ಸಿಕ್ಕಿಲ್ಲ. ಈಗ ಅಲ್ಲಿರುವುದು ಅದರ ನಕಲು.

ಪ್ರಶ್ನೆ: ಪರ್ಸ್‌ಪೆಕ್ಟಿವ್ ಕಂಡುಹಿಡಿದದ್ದೇ ರೆನೆಸಾನ್ಸ್ ಎನ್ನುತ್ತಾರೆ. ಮಕ್ಕಳಿಗೆ ಅದನ್ನು ಚಿತ್ರದ ಮೇಲೆಯೇ ತೋರಿಸುವುದು ಹೇಗೆ?
— ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕಿ, ಗದಗ

ಉತ್ತರ: ಒಳಕ್ಕೆ ಹೋಗುವ ಗೆರೆಗಳೆಲ್ಲ ಒಂದೇ ಚುಕ್ಕೆಯಲ್ಲಿ ಕೂಡುವಂತೆ ಬರೆದು ಆಳ ತೋರಿಸುವುದೇ ಪರ್ಸ್‌ಪೆಕ್ಟಿವ್. ಲಿಯೊನಾರ್ಡೊ ಮಿಲಾನ್‌ನಲ್ಲಿ ಗೋಡೆಯ ಮೇಲೆ ಬರೆದ ‘ಕೊನೆಯ ಭೋಜನ’ (1495–1498) ಇದಕ್ಕೆ ಹೇಳಿ ಮಾಡಿಸಿದಂತಿದೆ. ದೊಡ್ಡ ಫೈಲ್ ಇಳಿಸಿಕೊಂಡು ಜೆರಾಕ್ಸ್ ಅಂಗಡಿಯಲ್ಲಿ ಎ4 ಅಡ್ಡ ಹಾಳೆಯಲ್ಲಿ ಕಪ್ಪು-ಬಿಳುಪು ಮುದ್ರಿಸಿ. ಫೋನ್ ಪರದೆಯ ಮೇಲೆ ಬೆರಳಿನಿಂದ ಎಳೆದ ಗೆರೆ ನೆಟ್ಟಗಿರುವುದಿಲ್ಲ, ಕಾಗದವೇ ಮೇಲು. ಚೂಪು ಪೆನ್ಸಿಲ್, 30 ಸೆಂ.ಮೀ. ಸ್ಕೇಲು ಬೇಕು.

ಚಾವಣಿಯಲ್ಲಿ ಒಳಕ್ಕೆ ಓಡುವ ತೊಲೆಗಳ ಅಂಚನ್ನು ಎಡದಿಂದ ಮೂರು, ಬಲದಿಂದ ಮೂರು ಆರಿಸಿ, ಸ್ಕೇಲಿಟ್ಟು ಚಿತ್ರದ ನಡುವಿನವರೆಗೂ ಎಳೆಯಿರಿ. ಎರಡೂ ಪಕ್ಕದ ಗೋಡೆಗಳಲ್ಲಿ ತೂಗಿರುವ ಪರದೆಗಳ ಮೇಲಂಚುಗಳಿಂದಲೂ ಒಂದೊಂದು. ಎಲ್ಲವೂ ಯೇಸುವಿನ ಬಲಗಣತಲೆಯ ಹತ್ತಿರ, ಅಂದರೆ ನಮಗೆ ಎಡಕ್ಕೆ ಕಾಣುವ ಕಡೆ, ಕೂಡುತ್ತವೆ. ಗೋಡೆಯಲ್ಲಿ ಆ ಜಾಗದಲ್ಲಿ ಮೊಳೆಯ ತೂತು ಸಿಕ್ಕಿದೆ. ಅಲ್ಲಿ ಮೊಳೆ ಹೊಡೆದು ದಾರ ಕಟ್ಟಿ ಗೆರೆ ಗುರುತಿಸಿದ್ದ ಲಿಯೊನಾರ್ಡೊ. ಮಕ್ಕಳಿಗೆ ಇದನ್ನು ಹೇಳುವ ಮೊದಲು ಗೆರೆಗಳನ್ನು ಎಳೆಯಬಿಡಿ.

ಗೆರೆಗಳು ಒಂದೇ ಚುಕ್ಕೆಯಲ್ಲಿ ಕೂಡದೆ ಹರಡಿದರೆ ಕಾರಣ ಬಹುಮಟ್ಟಿಗೆ ಈ ಮೂರರಲ್ಲಿ ಒಂದು. ಫೋಟೋ ಓರೆಯಾಗಿ ತೆಗೆದದ್ದಿರಬಹುದು. ಪ್ರವಾಸಿಗರ ಫೋಟೋಗಳಲ್ಲಿ ಇದು ಸಾಮಾನ್ಯ. ಚಿತ್ರದ ಎಡ-ಬಲ ಅಂಚುಗಳು ಸಮಾಂತರವಾಗಿವೆಯೇ ಎಂದು ಮೊದಲೇ ಅಳೆಯಿರಿ. ಇಲ್ಲವೇ ಒಳಕ್ಕೆ ನೇರ ಹೋಗದ, ಓರೆಯಿರುವ ವಸ್ತುವಿನ ಅಂಚು ಹಿಡಿದಿರಬಹುದು. ಇಲ್ಲವೇ ಪೆನ್ಸಿಲ್ ಮೊಂಡಾಗಿದೆ: ಮೂಲ ಚಿತ್ರ 8.8 ಮೀಟರ್ ಅಗಲ, ನಿಮ್ಮ ಪ್ರತಿ ಸುಮಾರು 27 ಸೆಂ.ಮೀ. ಹಾಳೆಯ ಮೇಲಿನ 1 ಮಿ.ಮೀ. ತಪ್ಪು ಗೋಡೆಯ ಮೇಲೆ 3 ಸೆಂ.ಮೀ.ಗೂ ಹೆಚ್ಚು.

ಇದಾದ ಮೇಲೆ ಮಸಾಚ್ಚೋನ ‘ಟ್ರಿನಿಟಿ’ಯಲ್ಲಿ ಕಮಾನಿನ ಗೆರೆಗಳನ್ನು ಎಳೆಯಿಸಿ. ಬಿಂದು ಕೆಳಗೆ, ಶಿಲುಬೆಯ ಬುಡದ ಹತ್ತಿರ ಬರುತ್ತದೆ. ಚರ್ಚಿನಲ್ಲಿ ನಿಂತವನ ಕಣ್ಣಿನ ಎತ್ತರ ಅದು. ಆದ್ದರಿಂದಲೇ ಕಮಾನನ್ನು ಕೆಳಗಿನಿಂದ ನೋಡಿದಂತೆ ಭಾಸವಾಗುತ್ತದೆ. ಮೂರನೆಯದಾಗಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ವಾನ್ ಐಕ್‌ನ ‘ಆರ್ನೊಲ್ಫಿನಿ’ (1434) ಕೊಡಿ. ನೆಲದ ಗೆರೆಗಳು ಒಂದು ಕಡೆ, ಚಾವಣಿಯವು ಇನ್ನೊಂದು ಕಡೆ ಹೋಗುತ್ತವೆ. ಆದರೂ ಕೋಣೆ ನಿಜವೆನಿಸುತ್ತದೆ. ವಾನ್ ಐಕ್‌ನ ನಾಡಾದ ಫ್ಲಾಂಡರ್ಸಿನವರು (ಇಂದಿನ ಬೆಲ್ಜಿಯಂ ಕಡೆಯವರು) ಆ ನಿಜವನ್ನು ಗೆರೆಯಿಂದಲ್ಲ, ಬೆಳಕಿನಿಂದ ತಂದರು. ಪರ್ಸ್‌ಪೆಕ್ಟಿವ್ ಇಲ್ಲದಿದ್ದರೆ ರೆನೆಸಾನ್ಸ್ ಅಲ್ಲ ಎಂಬ ಮಾತು ಎಷ್ಟು ಅರೆಬರೆ ಎಂದು ಮಕ್ಕಳಿಗೆ ಇಲ್ಲೇ ತಿಳಿಯುತ್ತದೆ.

‘ಕೊನೆಯ ಭೋಜನ’ ಯಾಕಿಷ್ಟು ಉದುರಿದೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹಸಿ ಗಾರೆಯ ಮೇಲೆ ಬರೆದರೆ ಸುಣ್ಣ ಗಟ್ಟಿಯಾಗುವಾಗ ಬಣ್ಣದ ಪುಡಿಯೂ ಅದರೊಳಗೆ ಸಿಕ್ಕಿ ಗೋಡೆಯ ಭಾಗವೇ ಆಗುತ್ತದೆ. ಆದರೆ ಗಾರೆ ಒಣಗುವುದರೊಳಗೆ, ಒಂದು ದಿನದ ತುಂಡು ಒಂದೇ ದಿನದಲ್ಲಿ ಮುಗಿಯಬೇಕು. ನಿಧಾನವಾಗಿ ತಿದ್ದುತ್ತ ಹೋಗುವ ಲಿಯೊನಾರ್ಡೊ ಒಣ ಗೋಡೆಯ ಮೇಲೆ ಬರೆದ. ಅವನು ಬದುಕಿರುವಾಗಲೇ ಬಣ್ಣ ಬಿಡತೊಡಗಿತು. 1652ರಲ್ಲಿ ಬಾಗಿಲು ಕೊರೆದು ಯೇಸುವಿನ ಪಾದಗಳನ್ನೂ ಕಳೆದರು. ಆ ಪಾದಗಳನ್ನು ನೋಡಬೇಕಾದರೆ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿರುವ, ಲಿಯೊನಾರ್ಡೊನ ಶಿಷ್ಯವರ್ಗದವರು ಮಾಡಿದ ಹಳೆಯ ನಕಲನ್ನು ಗೂಗಲ್ ಆರ್ಟ್ಸ್‌ನಲ್ಲಿ ತೆರೆಯಿರಿ.

ಪ್ರಶ್ನೆ: ನಾನು ಮೈಸೂರು ಶೈಲಿಯ ಚಿತ್ರ ಬರೆಯುತ್ತೇನೆ. ಇಟಲಿಯವರೂ ಜೆಸ್ಸೋ ಮತ್ತು ಚಿನ್ನದ ರೇಕು ಬಳಸುತ್ತಿದ್ದರು ಎಂದು ಓದಿದೆ. ನಮ್ಮದಕ್ಕೂ ಅವರದ್ದಕ್ಕೂ ಏನು ವ್ಯತ್ಯಾಸ? ಅವರ ವಿಧಾನ ಎಲ್ಲಿ ಓದಬಹುದು?
— ಓದುಗರು, ಮೈಸೂರು

ಉತ್ತರ: ನಿಮ್ಮ ಕೈಗೆ ಅಂಟಿನ ಹದ ಗೊತ್ತಿರುವುದರಿಂದ ಈ ವಿಷಯದಲ್ಲಿ ಬೇರೆ ಓದುಗರಿಗಿಂತ ನೀವು ಮುಂದಿದ್ದೀರಿ.

ನಿಮ್ಮಲ್ಲಿ ಜೆಸ್ಸೋ, ಅಂದರೆ ಅಂಟಿನಲ್ಲಿ ಪುಡಿ ಕಲಸಿದ ಲೇಪ, ಒಡವೆ, ಕಿರೀಟ, ಸೀರೆಯಂಚು, ಮಂಟಪಗಳಿಗೆ ತೆಳುವಾಗಿ ಉಬ್ಬಿಸಲು. ಇಟಲಿಯಲ್ಲಿ ಅದು ಇಡೀ ಹಲಗೆಗೆ ಹಾಸುವ ತಳ. ಪಾಪ್ಲರ್ ಮರದ ಹಲಗೆಗೆ ಪ್ರಾಣಿಚರ್ಮದ ಅಂಟು ಸವರಿ, ಹಳೆಯ ನಾರುಬಟ್ಟೆ ಅಂಟಿಸಿ, ಮೇಲೆ ಮೊದಲು ಒರಟು ಜೆಸ್ಸೋ, ಆಮೇಲೆ ನಯವಾದದ್ದು. ಎರಡೂ ಜಿಪ್ಸಂನಿಂದಲೇ. ನಯವಾದದ್ದಕ್ಕೆ ಜಿಪ್ಸಂ ಪುಡಿಯನ್ನು ನೀರಿನಲ್ಲಿ ಹಾಕಿ ಒಂದು ತಿಂಗಳು ದಿನವೂ ಕಲಕಬೇಕು, ಕನಿಷ್ಠ ಎಂಟು ಪದರ ಹಚ್ಚಬೇಕು ಎಂದು ಚಿತ್ರಕಾರ ಚೆನ್ನೀನೊ ಚೆನ್ನೀನಿ ಸುಮಾರು 1400ರಲ್ಲಿ ಬರೆದ ಕೈಪಿಡಿಯಲ್ಲಿದೆ. ಅದರ ಮೇಲೆ ಕೆಂಪು ಜೇಡಿ, ಜೇಡಿಯ ಮೇಲೆ ಚಿನ್ನದ ರೇಕು, ಕೊನೆಗೆ ನಯವಾದ ಕಲ್ಲಿನಿಂದ ಉಜ್ಜಿ ಹೊಳಪು. ಟೆಂಪೆರಾ ಎಂಬ ಮೊಟ್ಟೆ ಬೆರೆಸಿದ ಬಣ್ಣಕ್ಕೆ ಮೊಟ್ಟೆಯ ಹಳದಿ ಮತ್ತು ಬಣ್ಣದ ಪುಡಿ ಸಮಸಮ.

ನೀವೇ ಮಾಡಿ ನೋಡುವುದಾದರೆ ಮೂರು ಎಚ್ಚರಿಕೆ. ಅಂಟನ್ನು ಕುದಿಸಬೇಡಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ. ಕುದಿದರೆ ಹಿಡಿತ ಹೋಗುತ್ತದೆ. ಮೇಲಿನ ಪದರದ ಅಂಟು ಕೆಳಗಿನದಕ್ಕಿಂತ ಗಟ್ಟಿಯಾಗಿರಬಾರದು. ಗಟ್ಟಿಯಾದರೆ ಒಣಗುವಾಗ ಎಳೆದುಕೊಂಡು ಬಿರುಕು ಬಿಡುತ್ತದೆ, ತೀರಾ ತೆಳುವಾದರೆ ಬೆರಳಿಗೆ ಪುಡಿ ಅಂಟುತ್ತದೆ. ಇನ್ನು, ಅಂಗಡಿಯಲ್ಲಿ ‘ಜೆಸ್ಸೋ’ ಎಂದು ಡಬ್ಬದಲ್ಲಿ ಸಿಗುವ ಅಕ್ರಿಲಿಕ್ ಇದಲ್ಲ. ಅದು ನೀರು ಹೀರುವುದಿಲ್ಲ, ಚಿನ್ನ ಉಜ್ಜಿದರೆ ಹೊಳಪೇರುವುದಿಲ್ಲ.

ಉಬ್ಬು ಕೆಲಸವೂ ಅವರಲ್ಲಿತ್ತು, ಅದಕ್ಕೆ ಪಾಸ್ತೀಲ್ಯ ಎಂದು ಹೆಸರು. ಜೆಂಟೀಲೆ ದ ಫಾಬ್ರಿಯಾನೊ 1423ರಲ್ಲಿ ಬರೆದ ‘ಮೂವರು ಜ್ಞಾನಿಗಳ ಆರಾಧನೆ’ಯಲ್ಲಿ (ಉಫೀಜಿ, ಫ್ಲಾರೆನ್ಸ್) ರಾಜರ ಕಿರೀಟ, ಕುದುರೆಯ ಅಲಂಕಾರಗಳನ್ನು ಝೂಮ್ ಮಾಡಿ ನೋಡಿ. ಉಬ್ಬಿದ ಜೆಸ್ಸೋ ಮೇಲೆ ಚಿನ್ನ. ನಿಮಗೆ ನೆಂಟರನ್ನು ಕಂಡಂತಾದೀತು. ಫೋಟೋದಲ್ಲಿ ಚಿನ್ನ ಕೆಲವೆಡೆ ಮಂಕು ಕಂದಾಗಿ ಕಾಣುವುದು ಚಿತ್ರದ ದೋಷವಲ್ಲ. ಉಜ್ಜಿದ ಚಿನ್ನ ಕನ್ನಡಿಯಂತೆ, ಎದುರಿಗೆ ಕತ್ತಲಿದ್ದರೆ ಕತ್ತಲನ್ನೇ ತೋರಿಸುತ್ತದೆ. ಇದಾಗಿ ಹನ್ನೆರಡೇ ವರ್ಷಕ್ಕೆ, 1435ರಲ್ಲಿ, ಇಟಲಿಯ ವಿದ್ವಾಂಸ ಆಲ್ಬೆರ್ತಿ ಚಿತ್ರಕಲೆಯ ಗ್ರಂಥ ಬರೆದು, ಚಿನ್ನವನ್ನು ಚಿನ್ನದಿಂದಲ್ಲ, ಬಣ್ಣದಿಂದ ತೋರಿಸುವವನೇ ಹೆಚ್ಚು ಮೆಚ್ಚುಗೆಗೆ ಅರ್ಹ ಎಂದ. ಇಟಲಿ ಆ ದಾರಿ ಹಿಡಿಯಿತು. ಮೈಸೂರು ಹಿಡಿಯಲಿಲ್ಲ. ಅದು ಹಿಂದುಳಿದದ್ದಲ್ಲ, ಬೇರೆಯದೇ ಆಯ್ಕೆ.

ಚೆನ್ನೀನಿಯ ಕೈಪಿಡಿಯನ್ನು 1899ರಲ್ಲಿ ಇಂಗ್ಲಿಷಿಗೆ ತಂದವರು ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್. ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತ. ಇವರೇ ಮುಂದೆ ಅಜಂತಾಕ್ಕೆ ಬಂದು ಗುಹೆಯ ಚಿತ್ರಗಳ ಪ್ರತಿ ಮಾಡಿಸಿದರು. ಅವರ ಜೊತೆ ಕೆಲಸ ಮಾಡಿದ ತರುಣರಲ್ಲಿ ನಂದಲಾಲ್ ಬೋಸ್ ಇದ್ದರು, ನಿಮ್ಮ ಮೈಸೂರಿನ ಕೆ. ವೆಂಕಟಪ್ಪನವರೂ ಇದ್ದರು. ಇನ್ನೂ ಆಳಕ್ಕೆ ಹೋಗಲು ಲಂಡನ್ ನ್ಯಾಷನಲ್ ಗ್ಯಾಲರಿಯ ಟೆಕ್ನಿಕಲ್ ಬುಲೆಟಿನ್ ಓದಿ. 1977ರಿಂದ ಬರುತ್ತಿದೆ, ಹಳೆಯ ಸಂಚಿಕೆಗಳು ಅವರ ತಾಣದಲ್ಲೇ ಇವೆ. ಬಣ್ಣ, ಅಂಟು, ಪದರಗಳ ಪರೀಕ್ಷೆಯ ಫಲಿತಾಂಶ ಚಿತ್ರಸಹಿತ ಸಿಗುತ್ತದೆ.

ಪ್ರಶ್ನೆ: ಮ್ಯೂಸಿಯಂ ಪುಟಗಳಲ್ಲಿ ಕಲಾವಿದನ ಹೆಸರಿನ ಹಿಂದೆ ಏನೇನೋ ಪದಗಳಿರುತ್ತವೆ. ಅರ್ಥವೇನು?
— ಓದುಗರು, ಮಂಗಳೂರು

ಉತ್ತರ: ಅವನ್ನು ಬಿಟ್ಟು ಓದಿದರೆ ಮೋಸಹೋಗುತ್ತೀರಿ. ‘ಅಟ್ರಿಬ್ಯೂಟೆಡ್ ಟು’ ಎಂದರೆ ಇವನದೇ ಇರಬೇಕೆಂಬ ಅಭಿಪ್ರಾಯ, ಖಚಿತ ದಾಖಲೆಯಿಲ್ಲ. ‘ವರ್ಕ್‌ಶಾಪ್ ಆಫ್’ ಎಂದರೆ ಅವನ ಕಾರ್ಯಾಗಾರದಲ್ಲಿ, ಶಿಷ್ಯರ ಕೈಯಲ್ಲಿ ಆದದ್ದು. ‘ಸರ್ಕಲ್ ಆಫ್’ ಅವನಿಗೆ ಹತ್ತಿರವಿದ್ದ, ಹೆಸರು ತಿಳಿಯದ ಸಮಕಾಲೀನ. ‘ಫಾಲೋವರ್ ಆಫ್’ ಅವನ ಶೈಲಿ ಅನುಸರಿಸಿದವನು, ಶಿಷ್ಯನೇ ಆಗಿರಬೇಕಿಲ್ಲ. ‘ಆಫ್ಟರ್’ ಎಂದಿದ್ದರೆ ಅದು ನಕಲು. ಆ ಕಾಲದ ಚಿತ್ರ ಒಬ್ಬನ ಕೆಲಸವಾಗಿರುತ್ತಿದ್ದದ್ದೇ ಅಪರೂಪ. ಉಫೀಜಿಯಲ್ಲಿರುವ ವೆರೊಕ್ಕಿಯೋನ ‘ಯೇಸುವಿನ ದೀಕ್ಷಾಸ್ನಾನ’ದಲ್ಲಿ ಒಬ್ಬ ದೇವದೂತನನ್ನು ಬರೆದವನು ಅವನ ಶಿಷ್ಯ ಲಿಯೊನಾರ್ಡೊ.

ಹುಡುಕುವಾಗ ಹೆಸರಿನ ಎರಡೂ ರೂಪ ಹಾಕಿ: ರಫಾಯೆಲ್ ಇಟಲಿಯ ತಾಣಗಳಲ್ಲಿ ರಫಾಯೆಲ್ಲೋ, ಟಿಷಿಯನ್ ಅಲ್ಲಿ ತಿತ್ಸಿಯಾನೊ. ಸೂಚಿಗಳಲ್ಲಿ ‘ದ ವಿಂಚಿ’ ಎಂದು ಹುಡುಕಬೇಡಿ. ವಿಂಚಿ ಊರಿನ ಹೆಸರು, ಅವನಿರುವುದು ಲಿಯೊನಾರ್ಡೊ ಎಂಬಲ್ಲಿ.

ಪ್ರಶ್ನೆ: ವಸಾರಿಯ ಕಲಾವಿದರ ಜೀವನಚರಿತ್ರೆ ಉಚಿತವಾಗಿ ಸಿಕ್ಕಿತು. ನಂಬಬಹುದೇ?
— ಓದುಗರು, ಬೆಂಗಳೂರು

ಉತ್ತರ: ಓದಲೇಬೇಕು, ಪರೀಕ್ಷಿಸದೆ ನಂಬಬಾರದು. ವಸಾರಿ ಇಟಲಿಯ ಚಿತ್ರಕಾರ, ಅವನ ಈ ಗ್ರಂಥ 1550ರಲ್ಲಿ ಮೊದಲು ಬಂತು, 1568ರಲ್ಲಿ ಹಿಗ್ಗಿಸಿ ಮತ್ತೆ ಬಂತು. ಕಲೆಯ ಪುನರ್ಜನ್ಮ ಎಂಬ ಮಾತನ್ನು ಗಟ್ಟಿಗೊಳಿಸಿದವನೇ ಅವನು. ಆದರೆ ಚಿತ್ರಕಾರ ಆಂಡ್ರೆಯ ದೆಲ್ ಕಸ್ತಾನ್ಯೊ ಹೊಟ್ಟೆಕಿಚ್ಚಿನಿಂದ ಇನ್ನೊಬ್ಬ ಚಿತ್ರಕಾರ ದೊಮೆನಿಕೊ ವೆನೆತ್ಸಿಯಾನೊನನ್ನು ಕೊಂದ ಎಂದೂ ಬರೆದಿದ್ದಾನೆ. ದಾಖಲೆಗಳ ಪ್ರಕಾರ ಕಸ್ತಾನ್ಯೊ ಸತ್ತದ್ದು 1457ರಲ್ಲಿ, ದೊಮೆನಿಕೊ 1461ರಲ್ಲಿ. ಎಣ್ಣೆಬಣ್ಣ ಕಂಡುಹಿಡಿದವನು ವಾನ್ ಐಕ್ ಎಂಬುದೂ ಅವನು ಹಬ್ಬಿಸಿದ ಮಾತೇ. 12ನೇ ಶತಮಾನದ ಸನ್ಯಾಸಿ ಥಿಯೊಫಿಲಸ್ ಆಗಲೇ ಎಣ್ಣೆಯಲ್ಲಿ ಬಣ್ಣ ಕಲಸುವುದನ್ನು ಬರೆದಿದ್ದಾನೆ. ವಸಾರಿ ಫ್ಲಾರೆನ್ಸಿನ ಪಕ್ಷಪಾತಿ, ವೆನಿಸ್ ಅವನ ಕಣ್ಣಿಗೆ ಯಾವಾಗಲೂ ಎರಡನೆಯದು. ಕೃತಿಗಳನ್ನು ಕಣ್ಣಾರೆ ಕಂಡು ವರ್ಣಿಸುವ ಕಡೆ ಅವನಷ್ಟು ಉಪಯುಕ್ತನಾದ ಇನ್ನೊಬ್ಬನಿಲ್ಲ.

ಪ್ರಶ್ನೆ: ಈ ಚಿತ್ರಗಳನ್ನು ಶಾಲಾ ಪತ್ರಿಕೆಯಲ್ಲಿ, ಪುಸ್ತಕದ ಮುಖಪುಟದಲ್ಲಿ ಮುದ್ರಿಸಬಹುದೇ?
— ಓದುಗರು, ದಾವಣಗೆರೆ

ಉತ್ತರ: ಮೆಟ್ರೊಪಾಲಿಟನ್ (2017ರಿಂದ), ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ, ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಈ ಮೂರೂ ಹಕ್ಕು ಮುಗಿದ ಕೃತಿಗಳ ಫೋಟೋಗಳನ್ನು ಎಲ್ಲ ಬಳಕೆಗೂ ಮುಕ್ತವಾಗಿಟ್ಟಿವೆ. ಆದರೂ ಪ್ರತಿ ಚಿತ್ರದ ಪುಟದಲ್ಲಿ ಮುಕ್ತ ಎಂಬ ಗುರುತು ಇದೆಯೇ ನೋಡಿ. ಇಟಲಿಯ ಸರ್ಕಾರಿ ಸಂಗ್ರಹಗಳ ಕೃತಿಗಳನ್ನು ವ್ಯಾಪಾರಕ್ಕೆ ಬಳಸಲು ಅಲ್ಲಿನ 2004ರ ಪರಂಪರೆ ಕಾನೂನಿನಂತೆ ಅನುಮತಿ ಮತ್ತು ಶುಲ್ಕ ಬೇಕು, ಕೃತಿ ಐನೂರು ವರ್ಷ ಹಳೆಯದಾದರೂ ಸರಿ. ಮಾರಾಟದ ಪುಸ್ತಕಕ್ಕೆ ಮೊದಲಿನ ಮೂರರಿಂದ ಆರಿಸುವುದೇ ಸುಲಭ.

ಪ್ರಶ್ನೆ: ಇದೆಲ್ಲ ನಡೆಯುವಾಗ ನಮ್ಮಲ್ಲಿ ವಿಜಯನಗರವಿತ್ತು. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ಗೊತ್ತಿತ್ತೇ?
— ಓದುಗರು, ಹೊಸಪೇಟೆ

ಉತ್ತರ: ಆ ಕಡೆಯವರಿಗೆ ಗೊತ್ತಿತ್ತು. ವೆನಿಸ್ ಸೀಮೆಯ ವ್ಯಾಪಾರಿ ನಿಕೊಲೊ ದೆ ಕೊಂಟಿ ಸುಮಾರು 1420ರಲ್ಲಿ ವಿಜಯನಗರ ನೋಡಿದ. ಊರಿಗೆ ಮರಳಿದ ಮೇಲೆ ಅವನ ಬಾಯಿಂದ ಕೇಳಿ ಲ್ಯಾಟಿನ್‌ನಲ್ಲಿ ಬರೆದುಕೊಂಡವನು ಪೊಜ್ಜೊ ಬ್ರಾಚೊಲೀನಿ. ಮಠಗಳ ಕಪಾಟು ಜಾಲಾಡಿ ಮರೆತುಹೋದ ಲ್ಯಾಟಿನ್ ಗ್ರಂಥಗಳನ್ನು ಹೊರತಂದ ವಿದ್ವಾಂಸ, ರೆನೆಸಾನ್ಸ್‌ನ ಬುನಾದಿ ಹಾಕಿದವರಲ್ಲಿ ಒಬ್ಬ. ಬ್ರುನೆಲ್ಲೆಸ್ಕಿಯ ಗುಮ್ಮಟ ಏರುತ್ತಿದ್ದ ವರ್ಷಗಳಲ್ಲಿ ಕಂಡ ವಿಜಯನಗರದ ಕೋಟೆ, ಬೆಟ್ಟದ ಬುಡ, ಹಬ್ಬಗಳ ವರ್ಣನೆ ಅದರಲ್ಲಿದೆ. ಇಂಗ್ಲಿಷ್ ಅನುವಾದ 1857ರಲ್ಲಿ ಹ್ಯಾಕ್ಲೂಟ್ ಸೊಸೈಟಿ ಪ್ರಕಟಿಸಿದ, ಹದಿನೈದನೆಯ ಶತಮಾನದ ಭಾರತದ ಪ್ರವಾಸಕಥನಗಳ ಸಂಪುಟದಲ್ಲಿದ್ದು, ಇಂಟರ್ನೆಟ್ ಆರ್ಕೈವ್‌ನಲ್ಲಿ ತೆರೆದು ಓದಬಹುದು. ಊರ ಹೆಸರು ಅಲ್ಲಿ ‘ಬಿಜೆನೆಗಾಲಿಯಾ’ ಎಂದಿದೆ, ಆ ಕಾಗುಣಿತ ಹಾಕಿ ಹುಡುಕಿ. ಅದರಲ್ಲಿ ಹೇಳಿದ ಅಳತೆ, ಎಣಿಕೆಗಳನ್ನು ಮಾತ್ರ ನೋಡಿದವನು ಬರೆದದ್ದಲ್ಲ, ವರ್ಷಗಳ ನಂತರ ಕೇಳಿದವನು ಬರೆದದ್ದು ಎಂಬ ನೆನಪಿನಲ್ಲೇ ಓದಿ.